ಸುಳಿಯೊಳಗಿನ ಬೂಷ್ಟು

ಪ್ರಭುಸ್ವಾಮಿ ಕ್ರಿಮಿನಾಶಕದ ಬಾಟಲಿಯ ಮುಚ್ಚಳಕ್ಕೆ ಕೈ ಹಾಕುತ್ತಲೇ ಹೆಂಡತಿ ಪದ್ಮಶ್ರೀ ಅದನ್ನು ಕಿತ್ತುಕೊಂಡಳು.

“ಬ್ಯಾಡ ಅಂದ್ರೆ ಬ್ಯಾಡ. ಓದ್ ಸಲ ಔಷ್ದಿ ಒಡ್ಯಕ್ಕೋಗಿ ಒಲದಲ್ಲೇ ಬಿದ್ರಲ್ಲಾ, ಮರ್ತೋಯ್ತಾ?”

ಮರೆತಿರಲಿಲ್ಲ. ಸತ್ಯಮಂಗಲದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವಳ ಮುಖವೇ. ಆದರೆ ಜೀರಹಳ್ಳಿಯ ಕಾಡಂಚಿನ ಈ ಹೊಲದಲ್ಲಿ ಪತಂಗಗಳು ಮೊಟ್ಟೆಯಿಟ್ಟು ಹೋಗಿದ್ದವು; ಅವುಗಳ ಮರಿಹುಳುಗಳು ಮುಸುಕಿನ ಜೋಳದ ಸುಳಿಯನ್ನೇ ಕೊರೆದು ತಿನ್ನುತ್ತಿದ್ದವು. ಎಲೆಗಳೆಲ್ಲ ಜರಡಿಯಾಗಿದ್ದವು.

“ಇವತ್ತು ಒಡೀನಿಲ್ಲ ಅಂದ್ರೆ ಬೆಳೆನೇ ಇರಕಿಲ್ಲ ಕಣಮ್ಮಿ. ಕೊಡು ಇತ್ತಗೆ.”

“ತಡೀರಿ. ಒಂದ್ಕಿತ ಒಳಕ್ಕೋಗಿ ನೋಡ್ಬುಟ್ಟು ಬತ್ತೀನಿ.”

ಬಾಟಲಿ ಹಿಡಿದೇ ಅವಳು ಜೋಳದ ಸಾಲಿಗೆ ನುಗ್ಗಿದಳು. ವಾರದಿಂದ ಜಿಟಿಜಿಟಿ ಮಳೆ. ಕಾಡಿನ ಮಂಜು ಹೊಲಕ್ಕಿಳಿದು ಅಲ್ಲೇ ನಿಂತಿತ್ತು. ಒಂದು ಸುಳಿ ಬಿಡಿಸಿದಳು. ಹುಳು ಇತ್ತು, ಅಲುಗಲಿಲ್ಲ. ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಸೆಟೆದುಕೊಂಡಿತ್ತು. ಪಕ್ಕದ ಗಿಡದಲ್ಲೂ ಹಾಗೇ. ಅದರಾಚೆಯದರಲ್ಲೂ.

“ಇಲ್ಬನ್ನಿ! ಉಳ ಸತ್ತೋಗವೆ!”

ಅವನು ಬಂದು ಮುಟ್ಟಿದ. ಬೆರಳಿಗೆ ಬಿಳಿ ಪುಡಿ ಅಂಟಿತು. “ಇದ್ಯಾರ್ ಸಾಯ್ಸುದ್ರು ಪದ್ಮ?”

“ಬೂಷ್ಟು. ಮಳೆ ಇಡ್ಕಂಡಾಗ ಕಾಡಲ್ಲೂ ಇಂಗೇಯ. ಸೌದೆಗೆ ಓದಾಗ ನೋಡಿವ್ನಿ, ಎಲೆ ಅಡೀಲಿ ಉಳ ಬೆಳ್ಳಗಾಗಿ ಅಂಟ್ಕಂಡಿರ್ತವೆ. ಒಂದ್ರಿಂದ ಇನ್ನೊಂದ್ಕೆ ಅಂಟ್ತದೆ.”

ಇಬ್ಬರೂ ಸಾಲಿನಿಂದ ಸಾಲಿಗೆ ಓಡಾಡಿದರು. ಬದುಕಿದ್ದ ಹುಳು ಅಲ್ಲೊಂದು ಇಲ್ಲೊಂದು, ಅವೂ ಮಂಕಾಗಿದ್ದವು. ಹರಿದ ಎಲೆಗಳ ನಡುವಿನಿಂದ ಹೊಸ ಸುಳಿ ಹಸಿರಾಗಿ ಮೇಲೇಳುತ್ತಿತ್ತು.

“ತಕ್ಕಳಿ, ಅಂಗ್ಡಿಗೆ ವಾಪಸ್ ಕೊಟ್ಬುಡಿ,” ಎಂದು ಪದ್ಮಶ್ರೀ ಬಾಟಲಿಯನ್ನು ಅವನ ಕೈಗಿತ್ತಳು. ಪ್ರಭುಸ್ವಾಮಿ ಅದನ್ನು ಬದುವಿನ ಮೇಲಿಟ್ಟು, ಎದುರಿನ ಕಾಡಿಗೆ ಕೈ ಮುಗಿದ.

ಅವಳು ಬೆಳ್ಳಗಾದ ಹುಳುಗಳನ್ನು ಆಯ್ದು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಪಕ್ಕದ ಹೊಲಕ್ಕೆ ನಡೆದಳು. ಅಲ್ಲಿ ಮುದುಕಿ ಚಿಕ್ಕಲಕ್ಷ್ಮಮ್ಮ, ಹುಳು ತಿಂದ ಜೋಳದ ನಡುವೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು.

“ತಕ್ಕೊ ಅವ್ವ. ನಿನ್ ಜ್ವಾಳದ್ ಸುಳಿಗೂ ಈ ಬಿಳಿ ಪುಡಿಯ ಒಸಿ ಉದುರ್ಸು.”

“ಯಾವ್ ದ್ಯಾವ್ರ ಪ್ರಸಾದವಮ್ಮಿ?”

“ಕಾಡಿಂದು.”

ಚಿಕ್ಕಲಕ್ಷ್ಮಮ್ಮ ಎಲೆ ಬಿಚ್ಚುವ ಮೊದಲೇ ಅದನ್ನು ಕಣ್ಣಿಗೊತ್ತಿಕೊಂಡಳು.