ಕೊನೆಯ ಪ್ಯಾರಾ

ಆ ಬೆಳಿಗ್ಗೆ ಗಾಳಿ ಸತ್ತಂತಿತ್ತು. ಹತ್ತು ಗಂಟೆಗೇ ಬಿಸಿಲು ಕೆಂಡ ಕಾರುತ್ತಿತ್ತು. ಬಡವರ ಪರ ಧರಣಿ ಕೂತು, ಬರೆದು ಹೆಸರಾದ ಅಂಕಣಕಾರ್ತಿ ಅಂದಿನ ಪತ್ರಿಕೆಯನ್ನು ಸಂಪಾದಕನ ಮೇಜಿಗೆ ಬಡಿದಳು. "ಮ್ಯಾನ್‌ಹೋಲಿಗಿಳಿದು ಸತ್ತವನ ಹೆಂಡತಿ ಬಾಗಿಲಿಗೆ ಬಂದಿದ್ಳು. 'ಗುತ್ತಿಗೆದಾರನ ಹೆಸರು ಬರೀತೀನಿ ಅಂದಿದ್ರಲ್ಲ ಅಕ್ಕಾ, ಎಲ್ಲಿದೆ?' ಅಂದ್ಳು. ನಾನು ಬರೆದಿದ್ದೆ. ಎಲ್ಲಿ ಹೋಯ್ತು?"

"ಜಾಗ ಸಾಲಲಿಲ್ಲ ಮೇಡಂ," ಸಂಪಾದಕ ನಕ್ಕ. "ಹನ್ನೊಂದು ವರ್ಷದಿಂದ ನಿಮ್ಮ ಕೊನೇ ಪ್ಯಾರಾ ಹೀಗೇ ಹೋಗ್ತಿದೆ. ಒಂದಿನಾನೂ ಕೇಳದವರಿಗೆ ಇವತ್ತೇನು ಸಿಟ್ಟು?"

ಅಚ್ಚಾದ ತನ್ನ ಬರಹವನ್ನು ಅವಳು ಎಂದೂ ಓದಿದವಳಲ್ಲ. ಬಿತ್ತಿದ ಕಾಳನ್ನು ಕೆದಕಿ ನೋಡಬಾರದು ಎಂದು ಸಭೆಗಳಲ್ಲಿ ಹೇಳುತ್ತಿದ್ದಳು, ಚಪ್ಪಾಳೆಯೂ ಬೀಳುತ್ತಿತ್ತು. ಆ ಜಂಬದ ನೆರಳಿನಲ್ಲಿ ಎಷ್ಟು ಕಳ್ಳರ ಹೆಸರುಗಳು ತಣ್ಣಗೆ ಮಲಗಿದ್ದವೋ, ದೇವರೇ ಬಲ್ಲ. ಸಂಪಾದಕನ ಮೇಲೆ ಉರಿಯುತ್ತಿದ್ದ ಸಿಟ್ಟು ತಿರುಗಿ ಅವಳ ಎದೆಗೇ ಬಂದು ಬಡಿಯಿತು. "ಹಲ್ಲು ಕಿತ್ತ ಹಾವು ಮಾಡಿ ಬುಟ್ಟೀಲಿ ಆಡಿಸಿದ್ರಿ ನನ್ನ! ನಾನೂ ಹೆಡೆ ಎತ್ತಿ ಎತ್ತಿ ಆಡಿದೆ!"

ಮೂಲೆಯಲ್ಲಿ ಕರಡು ತಿದ್ದುತ್ತಿದ್ದ ಮುದುಕರೊಬ್ಬರು ಎದ್ದರು. ಡ್ರಾಯರಿನಿಂದ ದಪ್ಪ ಕಡತವೊಂದನ್ನು ತೆಗೆದು, ಸಂಪಾದಕನತ್ತ ನೋಡದೆ, ಅವಳ ಕೈಗಿಟ್ಟರು. ಕತ್ತರಿಸಿದ ಪ್ಯಾರಾಗಳನ್ನು ಒಂದೂ ಬಿಡದೆ, ತಾರೀಖು ಹಾಕಿ ಅಂಟಿಸಿದ್ದರು. ಎಲ್ಲಕ್ಕಿಂತ ಮೇಲಿನದರಲ್ಲಿ ಗುತ್ತಿಗೆದಾರನ ಹೆಸರಿತ್ತು.

"ನಿಮ್ಮದು ತಾಯೀ," ಎಂದರು ಮೆಲ್ಲಗೆ. "ಇಷ್ಟು ವರ್ಷ ಇಟ್ಕೊಂಡದ್ದು ನನ್ನ ತಪ್ಪು."