ಸಾಮಂತನ ಪಂತ

"ಮತ್ತೆ ಅದೇ ಹಾಡು!" ನಿವೃತ್ತ ಮೇಷ್ಟ್ರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ಕೊನೇ ಅಧ್ಯಾಯವೇ ಇಲ್ಲ. ಇದೇನು ಗ್ರಂಥಾಲಯವೋ ರದ್ದಿ ಅಂಗಡಿಯೋ?"

ಗ್ರಂಥಪಾಲಕನಿಗೆ ಮೈಯೆಲ್ಲ ಉರಿಯಿತು. ಹಾಳು ಕಾದಂಬರಿ! ಊರಿಗೆ ಊರೇ ಅದಕ್ಕೆ ಮರುಳಾಗಿತ್ತು. ಹಳೇ ಕಾಲದ ಒಬ್ಬ ಸಾಮಂತ. ಯಾರಿಗೂ ಸೊಪ್ಪು ಹಾಕದ ಸೇನಾಪತಿಯ ಮಗಳನ್ನು ಒಲಿಸಿ ಮದುವೆಯಾಗುತ್ತೇನೆಂದು ಗೆಳೆಯರೊಡನೆ ಪಂತ ಕಟ್ಟುತ್ತಾನೆ. ಆಗಿಯೂ ಬಿಡುತ್ತಾನೆ. ಒಂದು ದಿನ ಪಂತದ ಗುಟ್ಟು ಅವಳ ಕಿವಿಗೆ ಬೀಳುತ್ತದೆ. ಮುಂದೆ? ಮುಂದೆ ಹಾಳೆಯೇ ಇಲ್ಲ. ಇದು ಮೂರನೆಯ ಪ್ರತಿ. ಇನ್ನೊಮ್ಮೆ ಹೀಗಾದರೆ ಕೆಲಸ ಬಿಟ್ಟು ಮನೆಗೆ ನಡೆಯಿರಿ ಎಂದು ಮೇಲಿನವರು ಆಗಲೇ ಗದರಿಸಿದ್ದರು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಜೊತೆಗೆ ರಟ್ಟು ಹಾಕಿದ ಪುಸ್ತಕಗಳ ಕಟ್ಟನ್ನೂ. ಹೊಸ ಪುಸ್ತಕ ಬಂದರೆ ಅದನ್ನು ಬಿಚ್ಚಿ, ಗಟ್ಟಿಯಾಗಿ ಮರುಹೊಲಿಗೆ ಹಾಕಿಸಿ, ಆಮೇಲೆ ಕಪಾಟಿಗೆ ಸೇರಿಸುವುದು ಅಲ್ಲಿಯ ರೂಢಿ. ಆ ಕೆಲಸ ಅವಳದು.

"ಹರಿದ ಗುರುತೂ ಇಲ್ಲ ನೋಡು," ಎಂದು ಅವನು ಗೋಳಾಡಿದ. "ಇದು ಮೇಷ್ಟ್ರದೇ ಕೈವಾಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅದಕ್ಕೇ ಎಲ್ಲರಿಗಿಂತ ಮೊದಲು ಕೂಗಾಡ್ತಾರೆ."

"ಮೇಷ್ಟ್ರೇ ಅಂತ ಪಂತ ಕಟ್ತೀರಾ ಸಾರ್?" ಎಂದ ಜವಾನ.

"ಪಂತದ ಸಹವಾಸ ಸಾಕಪ್ಪಾ. ಜೀವನದಲ್ಲಿ ಒಂದೇ ಸಲ ಕಟ್ಟಿದ್ದೆ. ಗೆದ್ದಿದ್ದು ಇವತ್ತಿಗೂ ಡಬ್ಬಿ ತಂದುಕೊಡ್ತಿದೆ!"

ನೆಂಟರಿಷ್ಟರ ಮುಂದೆಲ್ಲ ಹೇಳಿ ಹೇಳಿ ಸವೆದ ತಮಾಷೆ ಅದು. ಜವಾನ ಎಂದಿನಂತೆ ನಕ್ಕ. ಹೆಂಡತಿ ಡಬ್ಬಿಯ ಮುಚ್ಚಳ ತೆಗೆದಿಟ್ಟು ಹೊರಟಳು.

ಸಂಜೆ ಮನೆಗೆ ಬಂದವನೇ ತಲೆಯ ಮೇಲೆ ಕೈ ಹೊತ್ತು ಕುಳಿತ. ಬೇಜಾರೆಂದರೆ ಬೇಜಾರು. ಯಾರೋ ಮಾಡಿದ್ದಕ್ಕೆ ತನ್ನ ಅನ್ನಕ್ಕೆ ಕಲ್ಲು.

"ನಾಳೆ ಎಲ್ಲರ ಮುಂದೆಯೇ ಮೇಷ್ಟ್ರನ್ನ ಹಿಡಿದು ಕೇಳ್ತೀನಿ. ಆ ದರಿದ್ರ ಕಥೆ ಹೇಗೆ ಮುಗಿಯುತ್ತೆ ಅಂತ ಊರಲ್ಲಿ ಒಬ್ಬರಿಗಾದರೂ ಗೊತ್ತಾ?"

"ಕ್ಷಮಿಸಿಬಿಡ್ತಾಳೆ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

"ಯಾರು?"

"ಸೇನಾಪತಿ ಮಗಳು. ಪಂತದ ವಿಷಯ ಕೇಳಿ ನಕ್ಕು, ಎಲ್ಲ ಮರೆತು, ಗಂಡನ ಜೊತೆ ಸುಖವಾಗಿರ್ತಾಳಂತೆ."

ಅವನು ಮೆಲ್ಲಗೆ ತಲೆಯೆತ್ತಿದ. "ನಿನಗೆ ಹೇಗೆ ಗೊತ್ತು?"

"ಅಷ್ಟು ದೊಡ್ಡ ಸುಳ್ಳನ್ನ ನನ್ನ ಕೈಯಾರೆ ಹೊಲಿಯೋಕೆ ಮನಸ್ಸು ಬರಲಿಲ್ಲ ರೀ."