ಮೂರನೆಯ ಸಿಗಾರ್

ಬಟ್ಟೆ ಬಿಟ್ಟು ಬೇರಾವುದಕ್ಕೂ ಮುಟ್ಟಿಸದ ಕತ್ತರಿಯನ್ನು ಟೈಲರ್ ಆ ಸಂಜೆ ಸಿಗಾರಿನ ನಡುವೆ ಹಿಡಿದ. ತಂಬಾಕಿನ ಮೇಲಿನ ತೆರಿಗೆ ದುಪ್ಪಟ್ಟು ಮಾಡುತ್ತಾರಂತೆ ಎಂದು ರೇಡಿಯೊ ಆಗಷ್ಟೇ ಹೇಳಿತ್ತು.

"ವಾರಕ್ಕೊಂದು ಸೇದೋ ನಮ್ಮ ಮೇಲೇ ಬಿತ್ತಾ ಇವರ ಕಣ್ಣು!" ಎಂದು ಗೆಳೆಯ ಕಂಪೌಂಡರ್ ಗೊಣಗಿದ. "ಇನ್ಮೇಲೆ ಎರಡೇ ತರೋಣ ಕಣೋ."

ಟೈಲರ್ ಖಾಲಿ ಕುರ್ಚಿಯತ್ತ ನೋಡಿದ. ಅಂಗಡಿಯ ಹಿಂದಿನ ಈ ಕೋಣೆಯಲ್ಲಿ ಭಾನುವಾರ ಬಂತೆಂದರೆ ಮೂರು ಸಿಗಾರ್ ಹೊತ್ತಿಕೊಳ್ಳಬೇಕು. ಮೂರನೆಯದು ಇವರ ಇನ್ನೊಬ್ಬ ಗೆಳೆಯ ಡ್ರೈವರನದು. ಬದುಕಿದ್ದಷ್ಟು ದಿನ ಒಮ್ಮೆಯೂ ಜೇಬಿಗೆ ಕೈಹಾಕದ ಆಸಾಮಿ. ತೀರಿಕೊಂಡು ಎರಡು ವರ್ಷವಾದರೂ ಅವನ ಪಾಲು ಆ ಕುರ್ಚಿಯ ಮುಂದೆ, ಬೂದಿಬಟ್ಟಲಲ್ಲಿ ಹೊಗೆಯಾಡಿ ತಾನಾಗಿ ಆರುತ್ತಿತ್ತು.

"ಇಲ್ಲವೇ ಇಲ್ಲ ಅನ್ನೋಕಾಗುತ್ತೇನೋ?" ಎಂದ ಟೈಲರ್. "ಅರ್ಧ ಇಡೋಣ."

ಕಂಪೌಂಡರ್‌ಗೆ ನಗು ಬಂತು. "ಅರ್ಧಾನಾ? ಅವನ ಬುದ್ಧಿ ಗೊತ್ತಿಲ್ವಾ ನಿಂಗೆ? ಎದ್ದು ಬಂದು ಜಗಳ ತೆಗೀತಾನೆ!"

ಕತ್ತರಿ ಒಂದು ಕ್ಷಣ ತಡೆಯಿತು. ಆಮೇಲೆ ಕಚಕ್ಕೆಂದು ಸಿಗಾರ್ ಎರಡಾಯಿತು.

"ಬರ್ಲಿ," ಎಂದ ಟೈಲರ್, ಚಿಕ್ಕ ತುಂಡನ್ನೇ ಆರಿಸಿ ಕುರ್ಚಿಯ ಮುಂದಿಡುತ್ತಾ. "ಬಂದು ಬೈಯ್ಲಿ."